ಡೀಸೆಲ್ಲೋ, ಪೆಟ್ರೋಲೋ? ಮೊದಲು ನಮ್ಮ ದಾರಿಯನ್ನು ಅಳೆಯೋಣ

"ಆಟಕ್ಕುಂಟು, ಲೆಕ್ಕಕ್ಕಿಲ್ಲ" ಎಂಬ ಗಾದೆ ನಮಗೆಲ್ಲರಿಗೂ ಗೊತ್ತು. ಗಾದೆಯ ಅರ್ಥವೇನೋ ಬೇರೆ. ಆದರೆ ಇಂಗೋಲ್‌ಸ್ಟಾಟ್‌ನಲ್ಲಿ ನಾವು ಮೊದಲ ಸಲ ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಕಥೆಗೆ ಈ ಮಾತು ಹೇಳಿ ಮಾಡಿಸಿದಂತಿದೆ. ಮನೆಮಂದಿಯೆಲ್ಲ ಹೋಗಿ ಬಣ್ಣ ನೋಡಿದೆವು. ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತದೆ ಎಂದು ನೋಡಿದೆವು. ಮಕ್ಕಳು ಹಿಂದಿನ ಸೀಟಿನಲ್ಲಿ ಕುಣಿದು ನೋಡಿದರು. ಆಟವೆಲ್ಲ ಆಯಿತು, ಲೆಕ್ಕವೊಂದನ್ನು ಮಾತ್ರ ಹಾಕಲಿಲ್ಲ. ಆ ತಪ್ಪಿಗೆ ದಂಡ ತೆತ್ತ ಮೇಲೆ ಕಲಿತ ಪಾಠವನ್ನು ನಮ್ಮ ಶಾಲೆಯ ಪೋಷಕರ ಮತ್ತು ಮಕ್ಕಳ ಮುಂದೆ ಇಡುವುದೇ ಈ ಬರಹದ ಉದ್ದೇಶ.

ನಾವಿರುವುದು ಕಾರುಗಳ ಊರು. ಎರಡನೇ ಮಹಾಯುದ್ಧದ ನಂತರ, 1949ರಲ್ಲಿ, ಆಟೊ ಯೂನಿಯನ್ ಕಂಪನಿ ಡ್ಯಾನ್ಯೂಬ್ ನದಿಯ ದಂಡೆಯ ಈ ಪಟ್ಟಣದಲ್ಲಿ ಹೊಸದಾಗಿ ಆರಂಭವಾಯಿತು. ಅದೇ ಮುಂದೆ ಔಡಿ ಆಯಿತು. ನಮ್ಮಲ್ಲಿ ಎಷ್ಟೋ ಮನೆಗಳ ಅನ್ನ ಇಂದಿಗೂ ಆ ಕಾರ್ಖಾನೆಯಿಂದ, ಇಲ್ಲವೇ ಅದನ್ನು ನಂಬಿಕೊಂಡ ಕಂಪನಿಗಳಿಂದ ಬರುತ್ತದೆ. ಕಾರಷ್ಟೇ ಅಲ್ಲ, ಇಂಧನಕ್ಕೂ ಈ ಊರು ಹೆಸರಾದದ್ದೇ. ಇಟಲಿಯ ಟ್ರಿಯೆಸ್ಟ್ ಬಂದರಿನಿಂದ ಆಲ್ಪ್ಸ್ ಪರ್ವತ ದಾಟಿ ಇಲ್ಲಿಗೆ ಕಚ್ಚಾ ತೈಲ ತರುವ ಕೊಳವೆ ಮಾರ್ಗ 1967ರಲ್ಲಿ ಶುರುವಾಯಿತು. ಇಲ್ಲಿನ ಕಾರುಗಳ ನಂಬರ್ ಪ್ಲೇಟ್ 'ಐಎನ್' ಎಂದು ಆರಂಭವಾಗುತ್ತದೆ. ಅದು ಇಂಡಿಯಾ ಎಂದೇ ನಮ್ಮ ಚಿಕ್ಕ ಮಗ ಬಹಳ ದಿನ ತಿಳಿದುಕೊಂಡಿದ್ದ! ಇಂಥ ಊರಿನಲ್ಲಿ ಕಾರಿನ ಬಗ್ಗೆ ಸಲಹೆ ಕೊಡುವವರಿಗೆ ಬರವೇ? ಆಫೀಸಿನಲ್ಲಿ ಒಬ್ಬರು "ಡೀಸೆಲ್ ತಗೊಳ್ಳಿ" ಎಂದರೆ ಇನ್ನೊಬ್ಬರು "ಡೀಸೆಲ್ ಕಾಲ ಮುಗೀತು" ಎನ್ನುತ್ತಾರೆ. ಇಬ್ಬರೂ ಎಂಜಿನಿಯರುಗಳೇ. ಯಾರ ಮಾತು ನಂಬುವುದು?

ನಾವು ನಂಬಿದ್ದು ಊರಿನಿಂದ ಹೊತ್ತು ತಂದ ಒಂದು ಮಾತನ್ನು: "ದೊಡ್ಡ ಗಾಡಿ ಅಂದರೆ ಡೀಸೆಲ್." ಇದಕ್ಕೆ ಕಾರಣವೂ ಇತ್ತು. ನಮ್ಮ ಬಿಡದಿಯಲ್ಲಿ ತಯಾರಾದ ಕ್ವಾಲಿಸ್ 2000ದಲ್ಲಿ ಬಂತು, 2005ರಲ್ಲಿ ಇನ್ನೋವಾ ಬಂತು. ಮದುವೆ ದಿಬ್ಬಣ, ಧರ್ಮಸ್ಥಳದ ಯಾತ್ರೆ, ವಿಮಾನ ನಿಲ್ದಾಣದ ಓಡಾಟ ಎಲ್ಲವೂ ಡೀಸೆಲ್ ಗಾಡಿಯಲ್ಲೇ. ಭಾರತದಲ್ಲಿ 2014ರ ಅಕ್ಟೋಬರ್‌ವರೆಗೆ ಡೀಸೆಲ್ ಬೆಲೆ ಸರ್ಕಾರದ ಹಿಡಿತದಲ್ಲಿತ್ತು. 2012ರಲ್ಲಿ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಇಪ್ಪತ್ತು ರೂಪಾಯಿಗೂ ಹೆಚ್ಚಿನ ಅಂತರವಿತ್ತು. ಆದರೆ ಕಾಲ ಬದಲಾಯಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತ ದುಬಾರಿಯಾದದ್ದೂ ಉಂಟು. ಅದೇ ವರ್ಷ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಾಗ ಮಾರುತಿ ಸುಜುಕಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. ಊರು ಬದಲಾಗಿತ್ತು, ಊರು ಬಿಟ್ಟು ಬಂದ ನಾವು ಮಾತ್ರ ಹಳೆಯ ಮಾತನ್ನೇ ಹಿಡಿದು ಕೂತಿದ್ದೆವು.

ಹೀಗಾಗಿ 2019ರ ಕೊನೆಯಲ್ಲಿ, 2013ನೇ ಇಸವಿಯ ಒಂದು ಡೀಸೆಲ್ ಎಸ್‌ಯುವಿ ಕೊಂಡೆವು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ತಪ್ಪು ಗಾಡಿಯದಲ್ಲ, ನಮ್ಮದು. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡಲು ನಾಲ್ಕು ಕಿ.ಮೀ. ಅಲ್ಲಿಂದ ಆಫೀಸಿಗೆ ಐದು ಕಿ.ಮೀ. ಸಂಜೆ ತರಕಾರಿಗೆ, ಕರಾಟೆ ತರಗತಿಗೆ ಮತ್ತೆ ಮೂರು ನಾಲ್ಕು ಕಿ.ಮೀ. ಅಷ್ಟರಲ್ಲೇ ಕೊರೋನಾ ಬಂದು ಊರಾಚೆಯ ಓಡಾಟವೂ ನಿಂತಿತು. ಎರಡನೇ ಚಳಿಗಾಲದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಹಳದಿ ದೀಪವೊಂದು ಹೊತ್ತಿಕೊಂಡಿತು. ಹೇಗೋ ಆರುತ್ತದೆ ಬಿಡಿ ಎಂದು ಸುಮ್ಮನಿದ್ದೆವು. ಆಮೇಲೆ ಇನ್ನೊಂದು ದೀಪ. ಕೊನೆಗೆ ಗಾಡಿ ಮೇಲೇಳಲಾರದ ಮುದುಕನಂತೆ ಏದುಸಿರು ಬಿಡತೊಡಗಿತು.

ಗ್ಯಾರೇಜಿನಲ್ಲಿ ತಿಳಿದದ್ದು ಇಷ್ಟು. ಡೀಸೆಲ್ ಹೊಗೆಯಲ್ಲಿ ಸಣ್ಣ ಸಣ್ಣ ಮಸಿ ಕಣಗಳಿರುತ್ತವೆ. ಅವು ಹೊರಗೆ ಹೋಗದಂತೆ ಹಿಡಿದಿಡಲು ಹೊಗೆ ಕೊಳವೆಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಫಿಲ್ಟರ್ ತುಂಬುತ್ತಾ ಬಂದಾಗ ಗಾಡಿ ತಾನಾಗಿಯೇ ಆ ಮಸಿಯನ್ನು ಸುಟ್ಟು ಬೂದಿ ಮಾಡುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಸ್ವಲ್ಪ ಹೊತ್ತು ಓಡಿದರೆ ಈ ಕೆಲಸ ಸಲೀಸಾಗಿ ಮುಗಿಯುತ್ತದೆ. ನಾಲ್ಕು ಕಿ.ಮೀ. ಓಡಿ ನಿಲ್ಲಿಸಿದರೆ? ಬಚ್ಚಲ ಒಲೆಗೆ ಹಸಿ ಸೌದೆ ಒಟ್ಟಿ, ಹೊಗೆಯಾಡುವಾಗಲೇ ಆರಿಸಿದ ಹಾಗೆ. ನೀರೂ ಕಾಯುವುದಿಲ್ಲ, ಮಸಿಯೂ ಬಿಡುವುದಿಲ್ಲ. ಅಷ್ಟೇ ಅಲ್ಲ, ಸುಡುವ ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ಉರಿಯದ ಡೀಸೆಲ್ ಎಂಜಿನ್ ಆಯಿಲ್ ಜೊತೆ ಬೆರೆತು ಅದನ್ನು ತೆಳ್ಳಗಾಗಿಸುತ್ತದೆ. ಫಿಲ್ಟರ್ ಬದಲಿಸಿ ಕೈಗೆ ಬಂದ ಬಿಲ್ಲು 1,900 ಯೂರೋ! ಆ ವರ್ಷ ಊರಿಗೆ ಹೋಗಲೆಂದು ಎತ್ತಿಟ್ಟಿದ್ದ ಹಣ ಅದು.

ಆ ದಿನ ಫೋನಿನಲ್ಲಿ ತಿಪಟೂರಿನ ಅಜ್ಜನಿಗೆ ವಿಷಯ ಹೇಳಿದೆವು. ಅವರು ಜೀವಮಾನವಿಡೀ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ಜೊತೆ ಏಗಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ದೂರ ಓಡಿಸ್ತೀರಪ್ಪಾ?" ಉತ್ತರ ಕೇಳಿ ನಕ್ಕರು. "ಡೀಸೆಲ್ ಎಂಜಿನ್ ಅಂದ್ರೆ ಉಳುವ ಎತ್ತಿನ ಹಾಗೆ. ದುಡಿಸಿದರೆ ಗಟ್ಟಿಯಾಗಿರುತ್ತೆ. ಕೊಟ್ಟಿಗೇಲಿ ಕಟ್ಟಿಹಾಕಿ ದಿನಕ್ಕೊಂದು ಸಲ ಬೀದಿ ಸುತ್ತಿಸಿದರೆ ಕಾಯಿಲೆ ಬೀಳುತ್ತೆ. ಅಷ್ಟಕ್ಕೂ ತರಕಾರಿ ತರೋಕೆ ಎತ್ತಿನ ಗಾಡಿ ಯಾಕ್ರಪ್ಪಾ ಕಟ್ಟಿದ್ರಿ?" ಎಂದರು. ಆಫೀಸಿನ ಇಬ್ಬರು ಎಂಜಿನಿಯರುಗಳೂ ಕೇಳದ ಪ್ರಶ್ನೆಯನ್ನು ಅಜ್ಜ ಕೇಳಿದ್ದರು. ನಮ್ಮ ಅಭಿಪ್ರಾಯದ ಸಾರವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ.

ಮಕ್ಕಳೇ, ಎರಡು ಎಂಜಿನ್‌ಗಳಿಗೆ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಿ. ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿ ಮತ್ತು ಪೆಟ್ರೋಲ್ ಬೆರೆತ ಮಿಶ್ರಣಕ್ಕೆ ಸ್ಪಾರ್ಕ್ ಪ್ಲಗ್ ಕಿಡಿ ಹಚ್ಚುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿಯೇ ಬೇಡ. ಗಾಳಿಯನ್ನು ಜೋರಾಗಿ ಅದುಮಿದರೆ ಅದು ಕಾಯುತ್ತದೆ. ಆ ಕಾದ ಗಾಳಿಗೆ ಡೀಸೆಲ್ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಇದನ್ನು ಕಂಡುಹಿಡಿದ ರುಡಾಲ್ಫ್ ಡೀಸೆಲ್ ತಮ್ಮ ಎಂಜಿನ್ನನ್ನು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ್ದು ನಮಗೆ ಹತ್ತಿರದ ಔಗ್ಸ್‌ಬರ್ಗ್ ನಗರದಲ್ಲಿ. ಕಾರುಗಳಲ್ಲಿ ಡೀಸೆಲ್ ಜನಪ್ರಿಯವಾಗಲು ನಮ್ಮ ಊರೂ ಕಾರಣ. 1989ರ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದಲ್ಲಿ ಔಡಿ ತನ್ನ ಮೊದಲ ಟಿಡಿಐ ಕಾರನ್ನು ಪ್ರದರ್ಶಿಸಿತು. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವುದು ಡೀಸೆಲ್‌ನ ನಿಜವಾದ ಗುಣ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ಆದರೆ ಅದರ ಹೊಗೆಯ ಕಥೆಯೇ ಬೇರೆ. ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಘೋಷಿಸಿತು. 2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ವೇಳೆ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಇರುವುದನ್ನು ಅಮೆರಿಕದ ಪರಿಸರ ಇಲಾಖೆ ಬಯಲಿಗೆ ತಂದಿತು. 2018ರಲ್ಲಿ ಔಡಿ 80 ಕೋಟಿ ಯೂರೋ ದಂಡ ಕಟ್ಟಲು ಒಪ್ಪಿತು. ಆ ದಿನಗಳಲ್ಲಿ ಈ ಊರಿನ ಮನೆಮನೆಯಲ್ಲೂ ಅದೇ ಮಾತು, ಅದೇ ಚಿಂತೆ. 2015ರಲ್ಲಿ ಜರ್ಮನಿಯಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಿರ ಅರ್ಧದಷ್ಟು ಡೀಸೆಲ್ ಆಗಿದ್ದವು. 2023ರಲ್ಲಿ ಅವು ಶೇಕಡಾ 17ರಷ್ಟಕ್ಕೆ ಇಳಿದಿದ್ದವು.

ಇದರ ಬಿಸಿ ನಮಗೂ ತಟ್ಟಿತು. ನಗರಗಳು ಹಳೆಯ ಡೀಸೆಲ್ ಕಾರುಗಳನ್ನು ತಡೆಯಬಹುದು ಎಂದು ಲೈಪ್‌ಜಿಗ್‌ನ ಉನ್ನತ ಆಡಳಿತ ನ್ಯಾಯಾಲಯ 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. 2023ರ ಫೆಬ್ರವರಿ 1ರಿಂದ ಮ್ಯೂನಿಕ್‌ನ ಮಿಟ್ಲರರ್ ರಿಂಗ್ ವರ್ತುಲ ರಸ್ತೆ ಮತ್ತು ಅದರ ಒಳಭಾಗದಲ್ಲಿ ಯೂರೋ-4 ಮತ್ತು ಅದಕ್ಕಿಂತ ಹಳೆಯ ಡೀಸೆಲ್ ಕಾರುಗಳಿಗೆ ನಿರ್ಬಂಧ ಬಂತು. ಇಲ್ಲಿ ಯೂರೋ ಎಂದರೆ ಹಣವಲ್ಲ, ಹೊಗೆಯ ಮಿತಿಯನ್ನು ಹೇಳುವ ದರ್ಜೆ. ಅದೇ ವರ್ಷ ಅಕ್ಟೋಬರ್‌ನಿಂದ ಯೂರೋ-5 ಡೀಸೆಲ್‌ಗಳ ಸರದಿ ಎಂದು ಹೇಳಲಾಗಿತ್ತು. ನಮ್ಮದು ಯೂರೋ-5. ಪಾಸ್‌ಪೋರ್ಟ್ ಕೆಲಸಕ್ಕೆ ಕಾನ್ಸುಲೇಟ್‌ಗೆ, ರಾಜ್ಯೋತ್ಸವಕ್ಕೆ, ನೆಂಟರ ಮನೆಗೆ ಎಂದು ನಾವು ಹೋಗುವುದೆಲ್ಲ ಮ್ಯೂನಿಕ್‌ಗೇ. ಕೊನೆಗೆ ಆ ಎರಡನೇ ಹಂತ ಹೇಳಿದ ದಿನಕ್ಕೆ ಜಾರಿಗೆ ಬರಲಿಲ್ಲ. ಆದರೆ ಅಷ್ಟರಲ್ಲಿ ನಾವು ಹೆದರಿ, ಸಿಕ್ಕಷ್ಟಕ್ಕೆ ಗಾಡಿ ಮಾರಿಬಿಟ್ಟಿದ್ದೆವು.

ಎರಡನೇ ಕಾರು ಹುಡುಕುವಾಗ ಮಾತ್ರ ಲೆಕ್ಕದಿಂದಲೇ ಆರಂಭಿಸಿದೆವು. ಆಗ ಆರನೇ ತರಗತಿಯಲ್ಲಿದ್ದ ನಮ್ಮ ಮಗಳಿಗೆ ಒಂದು ನೋಟ್‌ಪುಸ್ತಕ ಕೊಟ್ಟೆವು. ಹಳೆಯ ಗಾಡಿ ಮಾರುವ ಮೊದಲಿನ ಒಂದು ತಿಂಗಳು, ಕಾರು ಹೊರಟಾಗಲೆಲ್ಲ ಎಷ್ಟು ಕಿ.ಮೀ. ಎಂದು ಅವಳು ಬರೆದಿಟ್ಟಳು. ತಿಂಗಳ ಕೊನೆಗೆ ನೋಡಿದರೆ ಒಟ್ಟು 96 ಓಡಾಟ, 750 ಕಿ.ಮೀ. ಅದರಲ್ಲಿ 78 ಓಡಾಟ ಆರು ಕಿ.ಮೀ. ಒಳಗಿನವು! ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಾವು ಕೀಲಿ ತೆಗೆದು ಇಳಿಯುತ್ತಿದ್ದೆವು. "ಅಪ್ಪಾ, ನಮ್ಮ ಕಾರು ಯಾವಾಗಲೂ ಚಳಿಯಲ್ಲೇ ಇರುತ್ತೆ" ಎಂದು ಮಗಳು ಹೇಳಿದಾಗ ನಮ್ಮಲ್ಲಿ ಯಾರಿಗೂ ಮಾತು ಹೊರಡಲಿಲ್ಲ.

ಆಮೇಲೆ ನಮಗೆ ಒಪ್ಪಿಗೆಯಾದ ಎರಡು ಕಾರುಗಳನ್ನು ಪಕ್ಕಪಕ್ಕ ಇಟ್ಟೆವು. ಎರಡೂ 2019ರ ಗಾಡಿಗಳು. ಒಂದು 1,968 ಸಿ.ಸಿ. ಡೀಸೆಲ್, ಇನ್ನೊಂದು 1,498 ಸಿ.ಸಿ. ಪೆಟ್ರೋಲ್. ಜರ್ಮನಿಯಲ್ಲಿ ಇಂಥ ಕಾರುಗಳ ವಾರ್ಷಿಕ ತೆರಿಗೆ ಎರಡು ಭಾಗದ್ದು. ಎಂಜಿನ್ ಗಾತ್ರದ ಪ್ರತಿ 100 ಸಿ.ಸಿ.ಗೆ, ಉಳಿಕೆ ಇದ್ದರೆ ಅದನ್ನೂ ಪೂರ್ತಿ ನೂರೆಂದು ಹಿಡಿದು, ಡೀಸೆಲ್‌ಗೆ 9.50 ಯೂರೋ, ಪೆಟ್ರೋಲಿಗೆ 2 ಯೂರೋ. ಅದರ ಮೇಲೆ, ಕಿ.ಮೀ.ಗೆ 95 ಗ್ರಾಂ ದಾಟಿದ ಪ್ರತಿ ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ 2 ಯೂರೋ. ಡೀಸೆಲ್ ಕಾರಿನದು 150 ಗ್ರಾಂ, ಪೆಟ್ರೋಲಿನದು 160 ಗ್ರಾಂ ಎಂದು ಕಾಗದದಲ್ಲಿತ್ತು. ಹಾಗಾಗಿ ಡೀಸೆಲ್‌ಗೆ 190 ಮತ್ತು 110, ಒಟ್ಟು 300 ಯೂರೋ. ಪೆಟ್ರೋಲಿಗೆ 30 ಮತ್ತು 130, ಒಟ್ಟು 160. ವ್ಯತ್ಯಾಸ ವರ್ಷಕ್ಕೆ 140 ಯೂರೋ. ಡೀಸೆಲ್ ಕಾರಿಗೆ ವಿಮೆ ಮತ್ತು ಆಡ್‌ಬ್ಲೂ ದ್ರಾವಣದ ಖರ್ಚು ಸೇರಿ ಇನ್ನೂ ಸುಮಾರು 100. ಅದರ ಬೆಲೆಯೂ 1,500 ಯೂರೋ ಹೆಚ್ಚಿತ್ತು. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 300. ಅಂದರೆ ಡೀಸೆಲ್ ಇಟ್ಟುಕೊಳ್ಳಲು ವರ್ಷಕ್ಕೆ 540 ಯೂರೋ ಹೆಚ್ಚುವರಿ ಖರ್ಚು.

ಇನ್ನು ಉಳಿತಾಯ. ಜರ್ಮನಿಯಲ್ಲಿ ಲೀಟರ್ ಪೆಟ್ರೋಲಿಗೆ 65.45 ಸೆಂಟ್ ಇಂಧನ ತೆರಿಗೆಯಾದರೆ ಡೀಸೆಲ್‌ಗೆ 47.04 ಸೆಂಟ್ ಮಾತ್ರ. ಬಂಕಿನಲ್ಲಿ ಡೀಸೆಲ್ ಅಗ್ಗವಾಗಿ ಕಾಣಲು ಇದೇ ಮುಖ್ಯ ಕಾರಣ. ಲೆಕ್ಕ ಸುಲಭವಾಗಲೆಂದು ಪೆಟ್ರೋಲಿಗೆ 1.75, ಡೀಸೆಲ್‌ಗೆ 1.60 ಯೂರೋ ಎಂದು ಇಟ್ಟುಕೊಂಡೆವು. ನೂರು ಕಿ.ಮೀ.ಗೆ ಪೆಟ್ರೋಲ್ ಕಾರು 8 ಲೀಟರ್ ಕುಡಿದರೆ 14 ಯೂರೋ, ಡೀಸೆಲ್ ಕಾರು ಆರೂವರೆ ಲೀಟರ್ ಕುಡಿದರೆ 10.40 ಯೂರೋ. ಉಳಿತಾಯ ನೂರು ಕಿ.ಮೀ.ಗೆ 3.60. ಹೆಚ್ಚುವರಿ 540 ಯೂರೋ ಗಿಟ್ಟಬೇಕಾದರೆ ವರ್ಷಕ್ಕೆ 15,000 ಕಿ.ಮೀ. ಓಡಬೇಕು. ನಾವು ಓಡುವುದು 9,000. ಉಳಿಯುವುದು 324 ಯೂರೋ, ಕಳೆಯುವುದು 540. ಅಂದರೆ ವರ್ಷಕ್ಕೆ 216 ಯೂರೋ ನಷ್ಟ! ವರ್ಷಕ್ಕೆ 25,000 ಕಿ.ಮೀ. ಓಡುವವರಿಗೆ ಇದೇ ಕಾರು 360 ಯೂರೋ ಲಾಭ ತರುತ್ತದೆ. 2022ರ ಮಾರ್ಚ್‌ನಲ್ಲಿ ಆದಂತೆ ಡೀಸೆಲ್ ಬೆಲೆ ಪೆಟ್ರೋಲನ್ನೇ ದಾಟಿದರೆ ಈ ಲೆಕ್ಕವೂ ತಲೆಕೆಳಗು. ಎರಡೂ 1.75ಕ್ಕೆ ನಿಂತರೂ ಸಾಕು, 15,000ದ ಗೆರೆ 20,500 ದಾಟಿ ಹೋಗುತ್ತದೆ. ನಮ್ಮ ಆ 1,900 ಯೂರೋ ಫಿಲ್ಟರ್ ಬಿಲ್ಲನ್ನು ಇಂಧನದ ಉಳಿತಾಯದಿಂದಲೇ ತೀರಿಸಬೇಕೆಂದರೆ ಸುಮಾರು 52,800 ಕಿ.ಮೀ. ಓಡಬೇಕು. ನಮ್ಮ ಓಟಕ್ಕೆ ಹತ್ತಿರ ಆರು ವರ್ಷ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಊರೊಳಗೇ ಸುತ್ತುವ ನಮ್ಮಂಥ ಕುಟುಂಬಗಳಿಗೆ, ಹಳೆಯ ಎಸ್‌ಯುವಿ ಕೊಳ್ಳಲೇಬೇಕೆಂದಿದ್ದರೆ, ಪೆಟ್ರೋಲೇ ಸರಿ. ನಾವೂ ಅದನ್ನೇ ಕೊಂಡೆವು. ಹಾಗೆಂದು ಡೀಸೆಲ್ ಕೊಂಡವರನ್ನು ದೂರುವುದು ತಪ್ಪು. ದಿನವೂ ಎ9 ಹೆದ್ದಾರಿ ಹಿಡಿದು ಮ್ಯೂನಿಕ್‌ಗೋ ನ್ಯೂರೆಂಬರ್ಗ್‌ಗೋ ಹೋಗಿಬರುವವರಿಗೆ ಡೀಸೆಲ್ ಈಗಲೂ ಒಳ್ಳೆಯ ಎತ್ತು. ಅಂಥವರು ಸಾಧ್ಯವಾದರೆ ಯೂರೋ-6ಡಿ ದರ್ಜೆಯದನ್ನೇ ಹುಡುಕಲಿ. ಅದು ಪ್ರಯೋಗಾಲಯದಲ್ಲಷ್ಟೇ ಅಲ್ಲ, ರಸ್ತೆಯಲ್ಲೂ ಹೊಗೆ ಪರೀಕ್ಷೆ ಪಾಸಾದದ್ದು. ಪೆಟ್ರೋಲೂ ಅಷ್ಟೇನೂ ಸಾಧುವಲ್ಲ. ಮೇಲಿನ ಲೆಕ್ಕದ ಪ್ರಕಾರ ನೂರು ಕಿ.ಮೀ.ಗೆ ಅದು ಡೀಸೆಲ್‌ಗಿಂತ ಸ್ವಲ್ಪ ಹೆಚ್ಚೇ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಅದರ ಹೊಗೆಯಲ್ಲೂ ಸೂಕ್ಷ್ಮ ಕಣಗಳಿರುವುದರಿಂದ, ಹೊಸ ನಿಯಮಗಳು ಬಂದ ಮೇಲೆ ಪೆಟ್ರೋಲ್ ಕಾರುಗಳಿಗೂ ಫಿಲ್ಟರ್ ಬಂದಿದೆ. ಈಗ ಹಳೆಯ ವಿದ್ಯುತ್ ಕಾರುಗಳೂ ಮಾರಾಟಕ್ಕೆ ಸಿಗುತ್ತವೆ. ಮನೆಯಲ್ಲೇ ಚಾರ್ಜ್ ಮಾಡುವ ಅನುಕೂಲವಿರುವವರು ಮೊದಲು ಅವುಗಳನ್ನು ನೋಡುವುದು ಜಾಣತನ. ನಮ್ಮದು ಬಾಡಿಗೆ ಮನೆ, ಆ ಭಾಗ್ಯ ಇನ್ನೂ ಬಂದಿಲ್ಲ.

ಯಾವುದನ್ನೇ ಕೊಂಡರೂ ಕೆಲವು ಎಚ್ಚರಿಕೆಗಳು ಅಗತ್ಯ. ಗಾಡಿಯ ನೋಂದಣಿ ಪತ್ರದ 14ನೇ ಅಂಕಣದಲ್ಲಿ ಹೊಗೆಯ ದರ್ಜೆ, ಪಿ.1ರಲ್ಲಿ ಎಂಜಿನ್ ಗಾತ್ರ, ವಿ.7ರಲ್ಲಿ ಇಂಗಾಲದ ಪ್ರಮಾಣ ಇರುತ್ತದೆ. ಮಾರುವವರ ಬಾಯಿಮಾತು ಬೇಡ, ಇವನ್ನೇ ಓದಿ. ಡೀಸೆಲ್ ಆದರೆ ಹಿಂದಿನ ಮಾಲೀಕರು ಎಲ್ಲಿ, ಎಷ್ಟು ದೂರ ಓಡಿಸುತ್ತಿದ್ದರು ಎಂದು ಕೇಳಿ. ಹೆದ್ದಾರಿಯಲ್ಲಿ ಲಕ್ಷ ಕಿ.ಮೀ. ಓಡಿದ ಡೀಸೆಲ್, ಊರೊಳಗೆ ನಲವತ್ತು ಸಾವಿರ ಓಡಿದ ಡೀಸೆಲ್‌ಗಿಂತ ಆರೋಗ್ಯವಾಗಿರಬಹುದು. 2015ಕ್ಕಿಂತ ಹಿಂದಿನ ಡೀಸೆಲ್‌ಗೆ ಸಾಫ್ಟ್‌ವೇರ್ ಬದಲಿಸುವ ಆದೇಶ ಇತ್ತೇ, ಇದ್ದರೆ ಅದು ಆಗಿದೆಯೇ ಎಂಬುದನ್ನು ಕಾಗದದಲ್ಲಿ ನೋಡಿ. ವ್ಯಾಪಾರಿಯಿಂದ ಕೊಂಡರೆ ಹಳೆಯ ಕಾರಿಗೂ ಕನಿಷ್ಠ ಒಂದು ವರ್ಷದ ಕಾನೂನುಬದ್ಧ ಹೊಣೆಗಾರಿಕೆ ಇರುತ್ತದೆ. ಖಾಸಗಿಯವರು ಅದನ್ನು ತಮ್ಮ ಮೇಲೆ ಹಾಕಿಕೊಳ್ಳದೆ ಮಾರಬಹುದು. ನೂರು ಯೂರೋ ಉಳಿಸಲು ಹೋಗಿ ಸಾವಿರ ಕಳೆದುಕೊಳ್ಳಬೇಡಿ.

ಕೊನೆಯದಾಗಿ, ನಮ್ಮ ಮನಸ್ಸನ್ನು ಹೆಚ್ಚು ಕಾಡಿದ ಮಾತು. ಎಂಜಿನ್ ತಣ್ಣಗಿರುವ ಮೊದಲ ಕೆಲವು ನಿಮಿಷಗಳಲ್ಲೇ ಹೊಗೆ ಶುದ್ಧ ಮಾಡುವ ಸಾಧನಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಡೀಸೆಲ್ ಇರಲಿ, ಪೆಟ್ರೋಲ್ ಇರಲಿ, ಅತಿ ಕೆಟ್ಟ ಹೊಗೆ ಬರುವುದು ಆಗಲೇ. ನಮ್ಮ ಆ 78 ಓಡಾಟಗಳಲ್ಲಿ ಹೆಚ್ಚಿನವು ಎಲ್ಲಿ ಮುಗಿಯುತ್ತಿದ್ದವು? ಶಾಲೆಯ ಗೇಟಿನ ಮುಂದೆ. ಅಲ್ಲಿ ಸಾಲಾಗಿ ನಿಂತ ಕಾರುಗಳ ಹೊಗೆ ಕೊಳವೆಯ ಎತ್ತರ ಎಷ್ಟು? ಒಂದನೇ ತರಗತಿಯ ಮಗುವಿನ ಮೂಗಿಗೆ ಅದು ನಮ್ಮ ಮೂಗಿಗಿಂತ ಎಷ್ಟು ಹತ್ತಿರ? ಚಳಿ ಎಂದು ನಾವು ಎಂಜಿನ್ ಚಾಲೂ ಇಟ್ಟುಕೊಂಡು ಕಾಯುತ್ತೇವೆ. ಕಾರಣವಿಲ್ಲದೆ ನಿಂತ ಗಾಡಿಯ ಎಂಜಿನ್ ಓಡಿಸುವುದು ಜರ್ಮನಿಯ ಸಂಚಾರ ನಿಯಮದ ಪ್ರಕಾರ ತಪ್ಪು. ನಿಯಮ ಹಾಗಿರಲಿ, ನಮ್ಮ ಮಕ್ಕಳ ಎದೆಗೂಡಿಗಾಗಿ ಆದರೂ ನಾವು ಕೀಲಿ ತಿರುಗಿಸಬಾರದೇ?

ಈ ವರ್ಷದಿಂದ ನಾವು ವಾರದಲ್ಲಿ ಮೂರು ದಿನ ಶಾಲೆಗೆ ಸೈಕಲ್ ಅಭ್ಯಾಸ ಮಾಡಿಕೊಂಡಿದ್ದೇವೆ. ಮಳೆ, ಹಿಮ ಬಂದಾಗ ಪಕ್ಕದ ಮನೆಯವರ ಜೊತೆ ಸರದಿಯ ಮೇಲೆ ಒಂದೇ ಕಾರು. ಮಗಳ ನೋಟ್‌ಪುಸ್ತಕದಲ್ಲಿ ಈಗ ತಿಂಗಳಿಗೆ 41 ಓಡಾಟ. ಕಾರು ಮನೆಯ ಮುಂದೆ ಹೆಚ್ಚು ಹೊತ್ತು ನಿಂತಿರುತ್ತದೆ ಎಂದು ಯಾರಿಗೂ ಬೇಸರವಿಲ್ಲ.

ಆತ್ಮೀಯ ಪೋಷಕರೇ, ಮುಂದಿನ ಸಲ ಕಾರು ಕೊಳ್ಳಲು ಹೊರಡುವ ಮೊದಲು ಒಂದು ತಿಂಗಳು ನಿಮ್ಮ ದಾರಿಯನ್ನು ಬರೆದಿಡಿ. ಪ್ರೀತಿಯ ಮಕ್ಕಳೇ, ಆ ಲೆಕ್ಕದ ಪುಸ್ತಕ ನಿಮ್ಮ ಕೈಯಲ್ಲಿರಲಿ. ಶಾಲೆಯಲ್ಲಿ ಕಲಿತ ಕೂಡು, ಕಳೆ, ಗುಣಿಸು, ಭಾಗಿಸು ಎಲ್ಲವೂ ಅದರಲ್ಲಿದೆ. ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ ಕಾರು ಮಾರುವವರ ಬಳಿ ಉತ್ತರವಿಲ್ಲ. ಅದು ನಿಮ್ಮ ಮನೆಯ ಬಾಗಿಲಿನಿಂದ ನೀವು ದಿನವೂ ಹೋಗುವ ಜಾಗದವರೆಗಿನ ದಾರಿಯಲ್ಲಿದೆ. ಎಲ್ಲರಿಗೂ ಸುಖ ಪ್ರಯಾಣವನ್ನು ಹಾರೈಸುತ್ತೇವೆ.